ಡೆವಲಪರ್‌ಗಳಿಗೆ ನ್ಯೂಸ್‌ಲೆಟರ್ ಬೇಕಾ?

ಬೇಕು. ಆದರೆ ಎರಡೋ ಮೂರೋ ಸಾಕು.

ದಿನಾ ಬರುವಂಥದ್ದನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ಯಾವ ಕಂಪನಿಗೆ ಎಷ್ಟು ಹಣ ಬಂತು, ಯಾವ ಹೊಸ ಎಐ ಮಾಡೆಲ್ ಬಂತು, ಇದೇ ಜಾಸ್ತಿ. ನಾಳೆ ನೀವು ಬರೆಯುವ ಕೋಡ್‌ಗೂ ಇದಕ್ಕೂ ಸಂಬಂಧವೇ ಇರುವುದಿಲ್ಲ.

ವಾರಕ್ಕೊಮ್ಮೆ ಬರುವುದು, ಅದೂ ನೀವು ಬಳಸುವ ಪ್ರೋಗ್ರಾಮಿಂಗ್ ಭಾಷೆಯದ್ದೇ ಆದರೆ, ಆ ಮಾತು ಬೇರೆ. ರಸ್ಟ್ ಭಾಷೆಯಲ್ಲಿ ಕೋಡ್ ಬರೆಯುವವರು 'ದಿಸ್ ವೀಕ್ ಇನ್ ರಸ್ಟ್' ನೋಡಲೇಬೇಕು ಅನ್ನುತ್ತೇನೆ. 2013ರಲ್ಲಿ ಶುರುವಾದದ್ದು. ಕಂಪೈಲರ್‌ನಲ್ಲಿ (ಕೋಡನ್ನು ಕಂಪ್ಯೂಟರ್ ಓಡಿಸುವ ರೂಪಕ್ಕೆ ತರುವ ಸಾಫ್ಟ್‌ವೇರ್) ಆ ವಾರ ಏನೇನು ಬದಲಾಯಿತು, ಯಾವ ಆರ್‌ಎಫ್‌ಸಿ (ಬದಲಾವಣೆಯ ಪ್ರಸ್ತಾವನೆ) ಕೊನೆಯ ಚರ್ಚೆಯ ಹಂತಕ್ಕೆ ಬಂದಿದೆ ಅಂತ ಅದರಲ್ಲಿ ಇರುತ್ತದೆ, ಹಾಗಾಗಿ ಯಾವುದಾದರೂ ಬದಲಾವಣೆ ನಿಮಗೆ ಸರಿ ಕಾಣದಿದ್ದರೆ ಅದು ಭಾಷೆಗೆ ಸೇರುವ ಮೊದಲೇ ಹೋಗಿ ಹೇಳಬಹುದು. ಜಾವಾಸ್ಕ್ರಿಪ್ಟ್‌ನವರಿಗೆ 2010ರಿಂದ ಬರುತ್ತಿರುವ 'ಜಾವಾಸ್ಕ್ರಿಪ್ಟ್ ವೀಕ್ಲಿ' ಇದೆ. ಪ್ರತಿ ಲಿಂಕ್‌ಗೂ ಎರಡು ಸಾಲು ವಿವರಣೆ, ಜಾಹೀರಾತು ಇದ್ದರೆ ಜಾಹೀರಾತು ಅಂತಲೇ ಬರೆದಿರುತ್ತಾರೆ.

ಸೆಕ್ಯೂರಿಟಿ ವಿಷಯಕ್ಕೆ ಮಾತ್ರ ಇವನ್ನು ನಂಬಿ ಕೂರಬೇಡಿ. 2024ರ ಮಾರ್ಚ್ 29ರಂದು ಲಿನಕ್ಸ್‌ನಲ್ಲಿ ಫೈಲ್ ಕುಗ್ಗಿಸಲು ಬಳಸುವ ಎಕ್ಸ್‌ಝಡ್ ಲೈಬ್ರರಿಯಲ್ಲಿ ಬ್ಯಾಕ್‌ಡೋರ್ (ಒಳನುಗ್ಗಲು ಕಳ್ಳದಾರಿ) ಇದೆ ಅಂತ ಆಂಡ್ರೆಸ್ ಫ್ರಾಯಿಂಡ್ ಎಂಬ ಡೆವಲಪರ್ ಹೊರಗೆ ಹಾಕಿದ್ದು, ಓಪನ್ ಸೋರ್ಸ್ ಸಾಫ್ಟ್‌ವೇರ್‌ನ ಸೆಕ್ಯೂರಿಟಿ ಚರ್ಚಿಸುವ ಓಎಸ್‌ಎಸ್-ಸೆಕ್ಯೂರಿಟಿ ಮೇಲಿಂಗ್ ಲಿಸ್ಟ್‌ನಲ್ಲಿ. ಅಂಥ ಸುದ್ದಿಗೆ ಮುಂದಿನ ವಾರದ ತನಕ ಕಾಯೋಕಾಗುತ್ತಾ? ಸರ್ವರ್ ನೋಡಿಕೊಳ್ಳುವವರು ತಮ್ಮ ಲಿನಕ್ಸ್ ಡಿಸ್ಟ್ರೋದ (ಉಬುಂಟು, ಡೆಬಿಯನ್ ಥರದ್ದು) ಸೆಕ್ಯೂರಿಟಿ ಲಿಸ್ಟ್‌ಗೆ ಇವತ್ತೇ ಸೇರಿಕೊಳ್ಳಿ.

ಉಳಿದದ್ದಕ್ಕೆ ಇನ್‌ಬಾಕ್ಸ್‌ನಲ್ಲಿ ಬೇರೆ ಫೋಲ್ಡರ್ ಮಾಡಿ, ಸತತವಾಗಿ ಕೆಲವು ವಾರ ತೆರೆಯದ್ದನ್ನು ಸುಮ್ನೆ ಅನ್‌ಸಬ್‌ಸ್ಕ್ರೈಬ್ ಮಾಡಿಬಿಡಿ.