ಜೈಸಲ್ಮೇರ್‌ಗೆ ಹೊರಟಿದ್ದೀರಾ? ಟೆಂಟ್ ಬಿಡಿ, ಬನ್ನಿಕಾಯಿ ಪಲ್ಯ ತಿನ್ನಿ

ಥಾರ್ ಮರುಭೂಮಿ ಹಿತವಾಗಿರುವುದು ನವೆಂಬರ್‌ನಿಂದ ಫೆಬ್ರವರಿ ತನಕ. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟದವರು ಕೊಯ್ಲು ಬಿಟ್ಟು ಅಲುಗಾಡಲಾಗದ ಕಾಲವೂ ಅದೇ. ಅರೇಬಿಕಾ ಮುಗಿದು ರೊಬಸ್ಟಾ ಶುರುವಾಗುವ ಸಂದಿನಲ್ಲಿ ಒಂದು ವಾರ ಹೊಂದಿಸಿಕೊಳ್ಳಿ. ಭಾರತ ಹುಣ್ಣಿಮೆಯ ಆಸುಪಾಸಿನಲ್ಲಿ ಜೈಸಲ್ಮೇರ್‌ನಲ್ಲಿ ಮರು ಮಹೋತ್ಸವ, ಅಂದರೆ ಮರುಭೂಮಿಯ ಉತ್ಸವ, ನಡೆಯುತ್ತದೆ, ಮೀಸೆ ಸ್ಪರ್ಧೆಯೂ ಇರುತ್ತದೆ. ಜಾತ್ರೆ ಇಷ್ಟವಿದ್ದವರು ಹೋಗಲಿ. ಉಳಿದವರು ಆ ದಿನಗಳನ್ನೂ ಹೊಸವರ್ಷದ ವಾರವನ್ನೂ ಬಿಡುವುದೇ ಲೇಸು, ರೂಮಿನ ಬಾಡಿಗೆ ಕೈಗೆಟುಕುವುದಿಲ್ಲ.

ರೈಲಿಗೆ ಬೆಂಗಳೂರಿಗೆ ಹೋಗಬೇಕಿಲ್ಲ. ಹುಬ್ಬಳ್ಳಿ, ಪುಣೆ ಮಾರ್ಗದ ಜೋಧಪುರ ಗಾಡಿ ಅರಸೀಕೆರೆ ಮೇಲೇ ಹೋಗುತ್ತದೆ. ದಿನವೂ ಇಲ್ಲ, ದಾರಿಯಲ್ಲಿ ಎರಡು ರಾತ್ರಿ. ಜೋಧಪುರದಿಂದ ಜೈಸಲ್ಮೇರ್ ಇನ್ನೂ ಸುಮಾರು 300 ಕಿ.ಮೀ. ಈ ಕೊನೆಯ ತುಂಡಿಗೂ ರೈಲೇ ಇರಲಿ, ಖಾಸಗಿ ಸ್ಲೀಪರ್ ಬಸ್ ಹತ್ತಬೇಡಿ. ಕಿಟಕಿಯ ಗಾಜು ಪೂರ್ತಿ ಕೂರುವುದಿಲ್ಲ, ಬೆಳಗಾಗುವಷ್ಟರಲ್ಲಿ ಹೊದಿಕೆಯ ಮೇಲೆ ಒಂದು ಪದರ ಧೂಳು. ಹಿಂದಿನ ಮೇಲ್ಬರ್ತ್ ಸಿಕ್ಕಿದರಂತೂ ಸೊಂಟದ ಆಸೆ ಬಿಡಿ.

ನಸುಕಿನಲ್ಲಿ ಸ್ಟೇಷನ್ನಿಗಿಳಿದರೆ ಅಗ್ಗದ ರೂಮಿನ ಫಲಕ ಹಿಡಿದವರು ಸುತ್ತುವರಿಯುತ್ತಾರೆ. ರೂಮು ನಿಜವಾಗಿಯೂ ಅಗ್ಗ, ಗುಟ್ಟಿರುವುದು ಸಂಜೆಗೆ. ಅವರದೇ ಒಂಟೆ ಸಫಾರಿ ತೆಗೆದುಕೊಳ್ಳದಿದ್ದರೆ ಮೊದಲು ಬಿಸಿನೀರು ನಿಲ್ಲುತ್ತದೆ, ಆಮೇಲೆ ‘ನಾಳೆ ಬುಕಿಂಗ್ ಇದೆ, ಖಾಲಿ ಮಾಡಿ’ ಅನ್ನುತ್ತಾರೆ. ‘ಸಫಾರಿ ಬೇಡ, ರೂಮಷ್ಟೇ’ ಎಂದು ಬರಹದಲ್ಲಿ ಒಪ್ಪಿಸಿಕೊಂಡ ಮೇಲೇ ದುಡ್ಡು ಕೊಡಿ. ಕೋಟೆಯೊಳಗೆ ಉಳಿಯುವ ಆಸೆ ಎಲ್ಲರಿಗೂ ಇರುತ್ತದೆ. 1156ರ ಆ ಕೋಟೆಯಲ್ಲಿ ಜನ ಇವತ್ತಿಗೂ ಸಂಸಾರ ಮಾಡಿಕೊಂಡಿದ್ದಾರೆ. ಆದರೆ ಅತಿಥಿಗಳು ಸುರಿಯುವ ನೀರು ಬುಡಕ್ಕೆ ಇಂಗಿ ಗೋಡೆ ಸಡಿಲವಾಗುತ್ತಿದೆ. ಹೊರಗೇ ಉಳಿದುಕೊಳ್ಳಿ. ಕೋಟೆ ಹೊರಗಿನಿಂದಲೇ ಚೆಂದ.

ಇನ್ನು ಎಲ್ಲರೂ ಮೋಸಹೋಗುವ ಟೆಂಟು. ಊರಿನಿಂದ ಪಶ್ಚಿಮಕ್ಕೆ 40 ಕಿ.ಮೀ. ದೂರದ ಸಮ್ ದಿಣ್ಣೆಗಳ ಹತ್ತಿರ ‘ಮರಳಿನ ನಡುವೆ ರಾತ್ರಿ’ ಎಂದು ಮಾರುತ್ತಾರೆ. ಬಹುಪಾಲು ಟೆಂಟುಗಳಿರುವುದು ಡಾಂಬರು ರಸ್ತೆಯ ಬದಿಯಲ್ಲಿ, ಸಿಮೆಂಟ್ ನೆಲದ ಮೇಲೆ. ಪಕ್ಕದ ಕ್ಯಾಂಪಿನ ಡಿಜೆ ಸದ್ದಿಗೆ ನಿದ್ದೆಯಿಲ್ಲ. ಪ್ಯಾಕೇಜಿನ ಒಂಟೆ ಸವಾರಿ ಅರ್ಧ ತಾಸಿಗೇ ಮುಗಿಯುತ್ತದೆ. ದಿಣ್ಣೆಯ ನಡುವೆ ನಿಲ್ಲಿಸಿ ‘ಸೂರ್ಯಾಸ್ತ ಇನ್ನೂ ಮುಂದೆ’ ಎಂದು ಮತ್ತೆ ಕೇಳುತ್ತಾರೆ, ಒಂಟೆಯ ಮೇಲೆ ಕೂತವರು ಚೌಕಾಸಿ ಮಾಡುವುದು ಹೇಗೆ? ನೈರುತ್ಯಕ್ಕಿರುವ ಖುರಿ ಹಳ್ಳಿಯ ದಿಣ್ಣೆಗಳು ಚಿಕ್ಕವು, ಆದರೆ ಸದ್ದು ಕಡಿಮೆ. ಮಣ್ಣಿನ ಮನೆಯಲ್ಲಿ ಉಳಿದು, ನಸುಕಿನಲ್ಲಿ ಬರಿಗಾಲಲ್ಲಿ ಮರಳೇರಿ. ರಾತ್ರಿ ಬೀಸಿದ ಗಾಳಿಯ ಗೆರೆಗಳು ಯಾರೂ ತುಳಿಯದೆ ಹಾಗೇ ಇರುತ್ತವೆ.

ಒಂಟೆ ಏಳುವಾಗ ಹಿಂಗಾಲು ಮೊದಲು ಎತ್ತುತ್ತದೆ. ಗಟ್ಟಿಯಾಗಿ ಹಿಡಿದು ಹಿಂದಕ್ಕೆ ವಾಲದಿದ್ದರೆ ಮುಗ್ಗರಿಸಿ ಬೀಳುತ್ತೀರಿ. ಕೂರುವಾಗ ಮುಂಗಾಲು ಮೊದಲು ಮಡಚುತ್ತದೆ, ಆಗಲೂ ಹಿಂದಕ್ಕೇ ವಾಲಬೇಕು. ಒಂದು ತಾಸಿಗಿಂತ ಹೆಚ್ಚು ಬೇಡ, ತೊಡೆ ಉಜ್ಜಿ ಸುಲಿಯುತ್ತದೆ. ಫೋನನ್ನು ಜಿಪ್ ಕವರಿಗೆ ಹಾಕಿ. ಚಳಿಯೂ ಬಾಬಾಬುಡನ್‌ಗಿರಿಯ ಮಂಜಿನ ಚಳಿಯಲ್ಲ. ಹಗಲು ಬಿಸಿಲು, ಮೋಡವಿಲ್ಲದ್ದರಿಂದ ರಾತ್ರಿ 10 ಡಿಗ್ರಿಗಿಂತ ಕೆಳಗೆ. ಒಣಗಾಳಿಗೆ ಮೊದಲ ದಿನವೇ ತುಟಿ ಒಡೆಯುತ್ತದೆ, ಚಿಕ್ಕ ಡಬ್ಬಿಯಲ್ಲಿ ಕೊಬ್ಬರಿ ಎಣ್ಣೆ ಇರಲಿ. ಕಾಫಿಪುಡಿಯೂ ಇರಲಿ, ಅಲ್ಲೆಲ್ಲ ಚಹಾ.

ಪಟವಾ ವ್ಯಾಪಾರಿ ಮನೆತನದ ಐದು ಹವೇಲಿಗಳನ್ನು, ಅಂದರೆ ಭಾರಿ ಮನೆಗಳನ್ನು, ನೋಡಲು ಅರ್ಧ ದಿನ ಇಡಿ. ಹಳೇಬೀಡಿನಲ್ಲಿ ದೇವರಿಗೆಂದು ಬಳಪದ ಕಲ್ಲಿನಲ್ಲಿ ಕೆತ್ತಿದ್ದನ್ನು ಅಲ್ಲಿ ವ್ಯಾಪಾರಿಗಳು ತಮ್ಮ ಮನೆಯ ಕಿಟಕಿಗೆಂದು ಹಳದಿ ಮರಳುಗಲ್ಲಿನಲ್ಲಿ ಕೆತ್ತಿಸಿದ್ದಾರೆ. ಹಾಡು ಕೇಳುವುದಿದ್ದರೆ ಡಿಜೆಯ ಮುಂದೆ ಕೂರದೆ ಹಾಡನ್ನೇ ಕುಲಕಸುಬು ಮಾಡಿಕೊಂಡ ಮಾಂಗಣಿಯಾರ್ ಗಾಯಕರನ್ನು ಹುಡುಕಿ. ಕಮಾನಿನಿಂದ ನುಡಿಸುವ ತಂತಿವಾದ್ಯ ಕಮಾಯಚ, ಮರದ ತಾಳ ಖಡತಾಳಗಳ ಜೊತೆ ಮೋರ್ಚಂಗ್ ಕೇಳಿದರೆ ನಮ್ಮ ಮೋರ್ಸಿಂಗ್‌ನ ನೆಂಟ ಎಂದು ತಕ್ಷಣ ಗೊತ್ತಾಗುತ್ತದೆ.

ಊಟಕ್ಕೆ ಕೋಟೆ ಕಾಣುವ ರೂಫ್‌ಟಾಪ್ ಹೋಟೆಲು ಬೇಡ. ಕೋಟೆ ಬಾಗಿಲಿನಿಂದ ದೂರ, ಅಂಗಡಿ ಕೆಲಸದವರು ತಿನ್ನುವ ಥಾಲಿ ಮನೆ ಹುಡುಕಿ. ಸ್ಟೀಲ್ ತಟ್ಟೆ, ಗೋಡೆಗೆ ಒರಗಿದ ಬೆಂಚು, ಒಲೆಯ ಮುಂದೆಯೇ ಸಜ್ಜೆ ರೊಟ್ಟಿ ತಟ್ಟುತ್ತಿರಬೇಕು. ಜೋಳದ ರೊಟ್ಟಿಯಂತೆ ಅದನ್ನೂ ಬಿಸಿಯಲ್ಲೇ ತಿನ್ನಬೇಕು, ಆರಿದರೆ ಹಲ್ಲಿಗೆ ಕೆಲಸ. ತುಪ್ಪ, ಬೆಲ್ಲ ಒಂದು ತುತ್ತಿಗೆ, ಬೆಳ್ಳುಳ್ಳಿ ಚಟ್ನಿ ಮುಂದಿನ ತುತ್ತಿಗೆ. ದಾಲ್ ಬಾಟಿ ಬಂದರೆ ಬಾಟಿಯನ್ನು, ಅಂದರೆ ಸುಟ್ಟ ಗೋಧಿ ಉಂಡೆಯನ್ನು, ಕೈಯಲ್ಲೇ ಪುಡಿಮಾಡಿ ಬೇಳೆಯಲ್ಲಿ ಮುಳುಗಿಸಿ, ಇಡಿಯಾಗಿ ಕಚ್ಚಿದರೆ ಗಂಟಲಿಗೆ ಅಂಟುತ್ತದೆ. ಗಟ್ಟೆ ಅಂದರೆ ಮೊಸರಿನ ಸಾರಿನಲ್ಲಿ ಬೆಂದ ಕಡಲೆಹಿಟ್ಟಿನ ತುಂಡುಗಳು. ಅನ್ನ ಬೇಕೆಂದರೆ ಮೊದಲೇ ಹೇಳಿಡಬೇಕು, ಬಂದರೂ ಒಂದು ಬಟ್ಟಲು.

ಆ ತಟ್ಟೆಯ ರಾಜ ಕೇರ್-ಸಾಂಗ್ರಿ ಪಲ್ಯ. ಕೇರ್ ಮರುಭೂಮಿಯ ಮುಳ್ಳುಪೊದೆಯೊಂದರ ಪುಟ್ಟ ಕಾಯಿ. ಸಾಂಗ್ರಿ ಬೇರೇನಲ್ಲ, ನಾವು ದಸರೆಯಲ್ಲಿ ಎಲೆ ಹಂಚುವ ಬನ್ನಿ ಮರದ ಎಳೆಕಾಯಿ. ಅಲ್ಲಿ ಆ ಮರ ಖೇಜಡಿ. ಅದನ್ನು ಕಡಿಯುವುದನ್ನು ತಡೆಯಲು 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿ ಹಳ್ಳಿಯಲ್ಲಿ, ಹಸಿಮರ ಕಡಿಯದ ಬಿಷ್ಣೋಯಿ ಪಂಥದ 363 ಜನ ಪ್ರಾಣ ಕೊಟ್ಟರು. ಬನ್ನಿ ಪೂಜೆ ನಮಗೂ ಗೊತ್ತು, ಪಲ್ಯ ಮಾಡುವುದೊಂದು ತಿಳಿದಿರಲಿಲ್ಲ.

ಕೊಳ್ಳುವುದಾದರೆ ಪ್ರವಾಸಿ ಅಂಗಡಿಯಲ್ಲಿ ಬೇಡ, ಕಿರಾಣಿ ಅಂಗಡಿಗೆ ಹೋಗಿ. ಸಾಂಗ್ರಿ ತೆಳ್ಳಗಿರಬೇಕು, ಒಳಗೆ ಬೀಜ ಉಬ್ಬಿದ್ದರೆ ಬಲಿತದ್ದು, ನಾರು. ಕೇರ್ ಕಾಳುಮೆಣಸಿನ ಗಾತ್ರದ್ದಾದಷ್ಟೂ ಒಳ್ಳೆಯದು, ಬೆಲೆಯೂ ಜಾಸ್ತಿ. 200 ಗ್ರಾಂ ಸಾಂಗ್ರಿಗೆ 50 ಗ್ರಾಂ ಕೇರ್ ಸಾಕು. ಮನೆಗೆ ಬಂದು ಎರಡನ್ನೂ ಬೇರೆ ಬೇರೆ ರಾತ್ರಿಯಿಡೀ ನೆನೆಸಿ. ಕೇರ್‌ಗೆ ಮಜ್ಜಿಗೆ ಹಾಕಿ, ಇಲ್ಲದಿದ್ದರೆ ಕಹಿ ಬಿಡುವುದಿಲ್ಲ. ಬೆಳಗ್ಗೆ ನಾಲ್ಕೈದು ನೀರಿನಲ್ಲಿ ತೊಳೆಯಿರಿ, ಎರಡೇ ನೀರಿಗೆ ನಿಲ್ಲಿಸಿದರೆ ಜೈಸಲ್ಮೇರ್‌ನ ಮರಳು ಹಲ್ಲಿನಡಿ ಕರಕರ ಎನ್ನುತ್ತದೆ. ಉಪ್ಪು, ಅರಿಶಿನ ಹಾಕಿ ಬೇಯಿಸಿ ನೀರು ಬಸಿದು, ಧಾರಾಳ ಎಣ್ಣೆಯಲ್ಲಿ ಜೀರಿಗೆ, ಒಣಮೆಣಸು, ಕೊತ್ತಂಬರಿ ಪುಡಿ, ಆಮ್‌ಚೂರ್ (ಒಣ ಮಾವಿನಕಾಯಿ ಪುಡಿ) ಜೊತೆ ಹುರಿಯಿರಿ. ಅಕ್ಕಿ ರೊಟ್ಟಿಗೆ ಚೆನ್ನಾಗಿಯೇ ಹೊಂದುತ್ತದೆ.