ಉಜ್ಜುವ ಬಾಗಿಲು ಮತ್ತು ಮೇಲಿನ ಬಿಜಾಗರಿ

ವಿಜಯಪುರದಲ್ಲಿ ಹುಬ್ಬಿ, ಉತ್ತರಿ ಮಳೆಗಳು ಚೆನ್ನಾಗಿ ಸುರಿದ ವರ್ಷ ಬಡಿಗರಿಗೆ ಬಿಡುವಿರುವುದಿಲ್ಲ. "ಬಾಗಲಾ ಹಿಡ್ಯಾಕತ್ತೈತಿ, ಬಂದು ಒಂದೀಟು ರಂದಾ ಹೊಡದ ಹೋಗ್ರಿ" ಎಂಬ ಕರೆ ಎಲ್ಲ ಓಣಿಗಳಿಂದಲೂ ಬರುತ್ತಿರುತ್ತದೆ. ರಂದಾ, ಎಂದರೆ ಕೀಸುಳಿ, ಹೊಡೆದ ಬಾಗಿಲು ಅಂದು ಸಲೀಸಾಗಿ ಮುಚ್ಚುತ್ತದೆ, ಮನೆಯವರಿಗೂ ಸಮಾಧಾನವಾಗುತ್ತದೆ. ಆದರೆ ಶಿವರಾತ್ರಿ ಕಳೆದು ಬಿಸಿಲು ಏರಿದಾಗ ಅದೇ ಬಾಗಿಲಿನ ಸಂದಿಯಲ್ಲಿ ಬೀದಿಯ ಬೆಳಕು ಕಾಣತೊಡಗುತ್ತದೆ, ಚಿಲಕದ ನಾಲಗೆ ತೂತಿಗೆ ಸಾಕಾಗುವುದಿಲ್ಲ, ಗಾಳಿ ಬಂದರೆ ಕದ ಪಟಪಟ ಬಡಿದುಕೊಳ್ಳುತ್ತದೆ. ಕೆತ್ತಿ ತೆಗೆದ ಕಟ್ಟಿಗೆಯನ್ನು ಮರಳಿ ಅಂಟಿಸುವ ವಿದ್ಯೆ ಯಾರಲ್ಲಿಯೂ ಇಲ್ಲ. ಆದ್ದರಿಂದ ರಂದಾ ಹಿಡಿಯುವ ಮೊದಲು ಬಾಗಿಲಿನ ಎದುರು ಬದಿಯನ್ನು, ಎಂದರೆ ಬಿಜಾಗರಿಗಳಿರುವ ಬದಿಯನ್ನು, ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಉಜ್ಜುವಿಕೆ ಕಾಣಿಸಿಕೊಳ್ಳುವುದು ಚಿಲಕದ ಬದಿಯಲ್ಲಾದರೂ ಅದರ ಮೂಲ ಬಹುಮಟ್ಟಿಗೆ ಬಿಜಾಗರಿಯ ಬದಿಯಲ್ಲಿರುತ್ತದೆ.

ನೋಡುವುದಕ್ಕೆ ಉಪಕರಣ ಬೇಡ. ಬಾಗಿಲನ್ನು ಮುಚ್ಚಿ, ಒಳಗಡೆ ನಿಂತು, ಕದಕ್ಕೂ ಚೌಕಟ್ಟಿಗೂ ನಡುವಿನ ಸಂದಿಯನ್ನು ಸುತ್ತಲೂ ಗಮನಿಸಿದರೆ ಸಾಕು. ಸರಿಯಾಗಿ ಕೂತ ಬಾಗಿಲಿನಲ್ಲಿ ಈ ಸಂದಿ ಮೂರೂ ಕಡೆ ಸುಮಾರು 3 ಮಿ.ಮೀ. ಇದ್ದು ಒಂದೇ ಸಮನಾಗಿರುತ್ತದೆ. ಜೋತುಬಿದ್ದ ಬಾಗಿಲಿನಲ್ಲಿ ಅದು ಬೆಣೆಯ ಆಕಾರಕ್ಕೆ ಬರುತ್ತದೆ: ಚಿಲಕದ ಬದಿಯಲ್ಲಿ ಮೇಲೆ ಕಿರಿದಾಗಿ ಕೆಳಗೆ ಅಗಲವಾಗುತ್ತದೆ, ಬಿಜಾಗರಿಯ ಬದಿಯಲ್ಲಿ ಮೇಲೆ ಅಗಲವಾಗುತ್ತದೆ, ತಲೆಪಟ್ಟಿಯ ಕೆಳಗೆ ಚಿಲಕದ ಕಡೆಗೆ ಹೋದಂತೆ ಹಿಗ್ಗುತ್ತದೆ. ಬಣ್ಣ ಕೆರೆದುಹೋಗಿರುವುದು ಚಿಲಕದ ಬದಿಯ ಮೇಲ್ಮೂಲೆಯಲ್ಲಿ ಮಾತ್ರ ಎಂದಾದರೆ, ಅಥವಾ ನೆಲಕ್ಕೆ ಹಾಸಿದ ಶಹಾಬಾದಿ ಫರ್ಸಿಯ ಮೇಲೆ ಕಮಾನಿನಂತಹ ಬಿಳಿ ಗೀರು ಮೂಡಿದ್ದರೆ, ಕದ ಉಬ್ಬಿಲ್ಲ, ಜಗ್ಗಿದೆ ಎಂದು ತಿಳಿಯಬೇಕು. ಇದಕ್ಕೆ ಬದಲಾಗಿ ಚಿಲಕದ ಬದಿಯ ಅಂಚು ಮೇಲಿನಿಂದ ಕೆಳಗಿನವರೆಗೂ ಒಂದೇ ತೆರನಾಗಿ ಉಜ್ಜುತ್ತಿದ್ದರೆ ಮಾತ್ರ ಮಳೆಯ ತೇವವನ್ನು ಸಂಶಯಿಸಬಹುದು.

ಕದ ಜಗ್ಗುವುದೇಕೆ ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಏಳು ಅಡಿ ಎತ್ತರ, ಮೂರು ಅಡಿ ಅಗಲದ ಗಟ್ಟಿ ಕದದ ತೂಕ 40 ಕಿಲೋ ಎಂದಿಟ್ಟುಕೊಳ್ಳೋಣ. ಅದರ ಭಾರ ಬೀಳುವ ಬಿಂದು ಬಿಜಾಗರಿಯಿಂದ ಸುಮಾರು 45 ಸೆಂ.ಮೀ. ದೂರದಲ್ಲಿರುತ್ತದೆ, ಮೇಲಿನ ಮತ್ತು ಕೆಳಗಿನ ಬಿಜಾಗರಿಗಳ ನಡುವಿನ ಅಂತರ ಸುಮಾರು 160 ಸೆಂ.ಮೀ. ಆಗ ಮೇಲಿನ ಬಿಜಾಗರಿಯನ್ನು ಚೌಕಟ್ಟಿನಿಂದ ಕಿತ್ತುಕೊಳ್ಳುವಂತೆ ಹಗಲೂ ರಾತ್ರಿ ಎಳೆಯುವ ಬಲ 11 ಕಿಲೋಗೂ ತುಸು ಹೆಚ್ಚು. ಕೆಳಗಿನ ಬಿಜಾಗರಿಯನ್ನು ಅಷ್ಟೇ ಬಲ ಚೌಕಟ್ಟಿನೊಳಕ್ಕೆ ಒತ್ತುತ್ತಿರುತ್ತದೆ. 20 ಕಿಲೋ ತೂಕದ ಮಗು ಹಿಡಿಕೆಗೆ ಜೋತುಬಿದ್ದು ಓಲಾಡಿತೆಂದರೆ ಮೇಲಿನ ಎಳೆತ ಎರಡು ಪಟ್ಟಾಗುತ್ತದೆ, ಏಕೆಂದರೆ ಮಗು ತೂಗುವುದು ಕದದ ತುತ್ತತುದಿಯಲ್ಲಿ. ಹೀಗಾಗಿ ಮೊದಲು ಸಡಿಲಾಗುವುದು ಮೇಲಿನ ಬಿಜಾಗರಿಯ, ಅದರಲ್ಲೂ ಚೌಕಟ್ಟಿಗೆ ಹಚ್ಚಿದ ಅದರ ಪಟ್ಟಿಯ, ಸ್ಕ್ರೂಗಳೇ. ಬೇಸಗೆಯಲ್ಲಿ ಮೊಮ್ಮಕ್ಕಳು ಬಂದುಹೋಗುವ ಮನೆಗಳವರು ಇದನ್ನು ಗಮನದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ಭಾಗದ ಹಳೆಯ ವಾಡೆಗಳ ದಪ್ಪ ಕದಗಳಿಗೆ ಈ ತೊಂದರೆ ಇರಲಿಲ್ಲ. ಅವುಗಳಿಗೆ ಬಿಜಾಗರಿಯೇ ಇಲ್ಲ. ಕದದ ಮೇಲೆ ಕೆಳಗೆ ಚಾಚಿದ ಗೂಟಗಳು ತಲೆಪಟ್ಟಿಯ ಮತ್ತು ಹೊಸ್ತಿಲಿನ ಕುಳಿಗಳಲ್ಲಿ ತಿರುಗುತ್ತವೆ. ಇಡೀ ಭಾರ ನೇರವಾಗಿ ಹೊಸ್ತಿಲಿಗೆ ಇಳಿಯುವುದರಿಂದ ಸ್ಕ್ರೂ ಕಿತ್ತುಬರುವ ಪ್ರಶ್ನೆಯೇ ಹುಟ್ಟುವುದಿಲ್ಲ. ಗೂಟ ಸವೆದು ಕದ ಕುಸಿದಾಗ ಕುಳಿಯಲ್ಲಿ ಕಬ್ಬಿಣದ ತುಂಡೊಂದನ್ನು ಇಟ್ಟು ಎತ್ತರಿಸಿದರೆ ದುರಸ್ತಿ ಮುಗಿಯುತ್ತಿತ್ತು. ನಾವು ಭಾರವನ್ನು ನೆಲದಿಂದ ತೆಗೆದು ನಾಲ್ಕಾರು ಸ್ಕ್ರೂಗಳ ಹೆಗಲಿಗೆ ಹೊರಿಸಿದ್ದೇವೆ. ಆ ಸ್ಕ್ರೂಗಳನ್ನೂ ಅಗ್ಗದವನ್ನೇ ಕೊಳ್ಳುತ್ತೇವೆ.

ಇನ್ನು ಕೆಲಸ. ಮೊದಲಿಗೆ ಬಾಗಿಲನ್ನು ಪೂರ್ತಿ ತೆರೆದು ಚಿಲಕದ ಬದಿಯ ಕೆಳಗೆ ಮರದ ಬೆಣೆ ತೂರಿಸಿ, ಭಾರ ಬೆಣೆಯ ಮೇಲೆ ಬರುವಂತೆ ಮಾಡಬೇಕು. ಎಲ್ಲ ಬಿಜಾಗರಿಗಳನ್ನೂ ಒಮ್ಮೆಗೇ ಬಿಚ್ಚುವುದು ಎಂದಿಗೂ ಸಲ್ಲದು. ಒಂದು ಕಟ್ಟಿದ ಮೇಲೆಯೇ ಇನ್ನೊಂದನ್ನು ಮುಟ್ಟಬೇಕು. 40 ಕಿಲೋದ ಕದ ಕಾಲ ಮೇಲೆ ಬಿದ್ದರೆ ಬಡಿಗನ ಕೂಲಿಗಿಂತ ಆಸ್ಪತ್ರೆಯ ಬಿಲ್ಲು ದೊಡ್ಡದಾಗುತ್ತದೆ. ಬಳಿಕ ಪ್ರತಿಯೊಂದು ಸ್ಕ್ರೂವನ್ನು ಕೈಯ ಸ್ಕ್ರೂಡ್ರೈವರಿನಿಂದಲೇ ಬಿಗಿಮಾಡಬೇಕು. ವಿದ್ಯುತ್ ಡ್ರಿಲ್ಲಿನಿಂದ ಬಿಗಿದರೆ ಕಟ್ಟಿಗೆ ಹಿಡಿಯಿತೇ, ತೂತಿನಲ್ಲಿಯೇ ಸ್ಕ್ರೂ ಸುಮ್ಮನೆ ಸುತ್ತುತ್ತಿದೆಯೇ ಎಂಬುದು ಕೈಗೆ ತಿಳಿಯುವುದಿಲ್ಲ. ಬಹಳಷ್ಟು ಬಾಗಿಲುಗಳು ಇಷ್ಟಕ್ಕೇ ಸರಿಹೋಗುತ್ತವೆ, ಮುಂದಿನದನ್ನು ಓದುವ ಅಗತ್ಯವೂ ಬೀಳುವುದಿಲ್ಲ.

ಸ್ಕ್ರೂ ಸುತ್ತುತ್ತಲೇ ಇದ್ದರೆ ತೂತು ಹಿಗ್ಗಿದೆ ಎಂದರ್ಥ. ಅಂತಹ ಸ್ಕ್ರೂವನ್ನು ಹೊರತೆಗೆದು ನೋಡಿದರೆ ಅದರ ಎಳೆಗಳ ನಡುವೆ ಕಂದು ಪುಡಿ ಮೆತ್ತಿಕೊಂಡಿರುತ್ತದೆ, ತೂತಿಗೆ ಬೆರಳು ತಾಗಿಸಿದರೆ ಅದೇ ಪುಡಿ ಉದುರುತ್ತದೆ. ಕಟ್ಟಿಗೆಯ ನಾರು ಅರೆದುಹೋಗಿರುವ ಗುರುತು ಅದು. ಪುಡಿಯನ್ನು ಊದಿ ತೆಗೆದು, ಸಾಗವಾನಿಯ ಸಣ್ಣ ಸಿಬುರುಗಳನ್ನೋ ಬಿದಿರಿನ ಕಡ್ಡಿಗಳನ್ನೋ ಫೆವಿಕಾಲಿನಲ್ಲಿ ಅದ್ದಿ, ತೂತು ಬಿಗಿಯಾಗಿ ತುಂಬುವಷ್ಟು ಬಡಿದು, ಒಂದು ರಾತ್ರಿ ಒಣಗಲು ಬಿಡಬೇಕು. ಬೆಂಕಿಕಡ್ಡಿ ತುರುಕುವುದು ರೂಢಿಯಲ್ಲಿದೆ. ಆದರೆ ಅದರ ಕಟ್ಟಿಗೆ ಬಹಳ ಮೆತ್ತಗಿನದು, ಅಡುಗೆಮನೆಯ ಕಪಾಟಿಗೆ ನಡೆದೀತೇ ಹೊರತು ಮುಂಬಾಗಿಲಿಗೆ ಅಲ್ಲ. ಒಣಗಿದ ಮೇಲೆ ಹೊರಚಾಚಿದ್ದನ್ನು ಉಳಿಯಿಂದ ಸಮಮಾಡಿ, 3 ಮಿ.ಮೀ. ಡ್ರಿಲ್ಲಿನಿಂದ ನಡುವೆ ಹೊಸ ತೂತು ಕೊರೆದು, ಸ್ಕ್ರೂವಿನ ಎಳೆಗಳಿಗೆ ಸ್ವಲ್ಪ ಸಾಬೂನು ಸವರಿ ತಿರುಗಿಸಿದರೆ ಹೊಸ ಕಟ್ಟಿಗೆಯಲ್ಲಿ ಹಿಡಿದಂತೆ ಹಿಡಿಯುತ್ತದೆ.

ಇದಕ್ಕಿಂತ ಸುಲಭವಾದ ಮತ್ತೊಂದು ದಾರಿಯೂ ಇದೆ, ನನಗೆ ಅದರ ಮೇಲೆಯೇ ಹೆಚ್ಚು ನಂಬಿಕೆ. ಮೇಲಿನ ಬಿಜಾಗರಿಯಲ್ಲಿ ಚೌಕಟ್ಟಿನ ಕಡೆಗಿರುವ ಒಂದೆರಡು ಸಣ್ಣ ಸ್ಕ್ರೂಗಳನ್ನು ತೆಗೆದು, ಅಷ್ಟೇ ದಪ್ಪದ 50 ಮಿ.ಮೀ. ಉದ್ದದ ಸ್ಕ್ರೂಗಳನ್ನು ಹಾಕುವುದು. ಸಾಮಾನ್ಯವಾಗಿ ಇರುವ 25 ಅಥವಾ 30 ಮಿ.ಮೀ. ಸ್ಕ್ರೂ ಮುಟ್ಟದ ಆಳದಲ್ಲಿ ಕೆಡದ ಕಟ್ಟಿಗೆ ಇರುತ್ತದೆ; ಉದ್ದನೆಯ ಸ್ಕ್ರೂ ಅಲ್ಲಿ ಹಿಡಿದುಕೊಂಡು ಬಿಜಾಗರಿಯನ್ನೂ ಅದರೊಂದಿಗೆ ಕದವನ್ನೂ ತನ್ನತ್ತ ಎಳೆಯುತ್ತದೆ. ಎರಡು ಮೂರು ಸುತ್ತು ತಿರುಗಿಸಿ, ಬಾಗಿಲು ಮುಚ್ಚಿ ಸಂದಿ ನೋಡಿ, ಬೇಕಾದರೆ ಮತ್ತೆ ಅರ್ಧ ಸುತ್ತು ತಿರುಗಿಸುವ ತಾಳ್ಮೆ ಇರಬೇಕು. ಸ್ಕ್ರೂವಿನ ತಲೆ ಬಿಜಾಗರಿಯ ಕುಳಿಯಲ್ಲಿ ಪೂರ್ತಿ ಮುಳುಗುವಂಥದ್ದಾಗಿರಬೇಕು. ತಲೆ ಹೊರಗೆ ಉಳಿದರೆ ಎರಡು ಪಟ್ಟಿಗಳೂ ಕೂಡಿಕೊಳ್ಳುವುದಿಲ್ಲ, ಬಾಗಿಲು ಮುಚ್ಚಿದಷ್ಟೂ ಹಿಂದಕ್ಕೆ ಚಿಮ್ಮುತ್ತದೆ.

ಸ್ಕ್ರೂಗಳೆಲ್ಲ ಬಿಗಿಯಾಗಿದ್ದೂ ಬಾಗಿಲು ವಾರೆಯಾಗಿದ್ದರೆ ಆಗ ಬಿಜಾಗರಿಯ ಹಿಂದೆ ರಟ್ಟು ಇಡುವ ಉಪಾಯಕ್ಕೆ ಕೈಹಾಕಬೇಕು. ಲಗ್ನಪತ್ರಿಕೆಯ ಕಾಗದಕ್ಕಿಂತ ಒಳ್ಳೆಯ ರಟ್ಟು ಇದಕ್ಕೆ ಸಿಗಲಾರದು. ದಪ್ಪವೂ ಒಂದೇ ಸಮ, ಎಲ್ಲರ ಮನೆಯಲ್ಲಿಯೂ ಕಟ್ಟುಗಟ್ಟಲೆ ಬಿದ್ದಿರುತ್ತದೆ. ಕೆಳಗಿನ ಬಿಜಾಗರಿಯ ಪಟ್ಟಿಯ ಅಳತೆಗೆ ಅದನ್ನು ಕತ್ತರಿಸಿ, ಚೌಕಟ್ಟಿನ ಕಚ್ಚಿನೊಳಗೆ, ಎಂದರೆ ಪಟ್ಟಿ ಕೂಡಲು ಕೆತ್ತಿದ ತಗ್ಗಿನೊಳಗೆ, ಕೂಡಿಸಿ, ಅದರ ಮೇಲೆ ಪಟ್ಟಿಯನ್ನು ಮತ್ತೆ ಬಿಗಿದರೆ, ಕದದ ಕೆಳಭಾಗ ಚಿಲಕದ ಕಡೆಗೆ ಸರಿಯುತ್ತದೆ ಮತ್ತು ಚಿಲಕದ ಬದಿ ಮೇಲಕ್ಕೆ ಏಳುತ್ತದೆ. ಮೇಲೆ ಹೇಳಿದ ಅಳತೆಯ ಬಾಗಿಲಿನಲ್ಲಿ 1 ಮಿ.ಮೀ. ರಟ್ಟಿಗೆ ಈ ಏರಿಕೆ ಅರ್ಧ ಮಿ.ಮೀ.ಗಿಂತ ತುಸು ಹೆಚ್ಚು. ಫರ್ಸಿಗೆ ತುಸುವೇ ತಾಗುತ್ತಿದ್ದ ಬಾಗಿಲಿಗೆ ಇಷ್ಟು ಸಾಕು. ಆದರೆ ಚಿಲಕದ ಬದಿಯ ಮೇಲ್ಮೂಲೆ ಚೌಕಟ್ಟಿಗೆ ಉಜ್ಜುತ್ತಿದ್ದರೆ ಕೆಳಗಿನ ರಟ್ಟಿನಿಂದ ಹೆಚ್ಚು ಪ್ರಯೋಜನವಾಗದು, ಏಕೆಂದರೆ ಕದ ಆಗ ತಿರುಗುವುದು ಮೇಲಿನ ಬಿಜಾಗರಿಯ ಸುತ್ತ, ಮೇಲ್ಮೂಲೆ ಅಡ್ಡಲಾಗಿ ಸರಿಯುವುದೇ ಇಲ್ಲ ಎನ್ನುವಷ್ಟು ಕಡಿಮೆ. ಅಲ್ಲಿ ಮೇಲಿನ ಬಿಜಾಗರಿಯ ಕಚ್ಚನ್ನೇ ಉಳಿಯಿಂದ ಕೂದಲೆಳೆಯಷ್ಟು ಆಳಮಾಡಿ ಪಟ್ಟಿಯನ್ನು ಒಳಗೆ ಕೂಡಿಸಬೇಕು. ಚೌಕಟ್ಟಿಗೆ ಉಜ್ಜುವುದು ಚಿಲಕದ ಬದಿಯ ಕೆಳಮೂಲೆಯಾದರೆ ಎಲ್ಲವೂ ತಿರುಗುಮುರುಗು: ಆಳಮಾಡಬೇಕಾದದ್ದು ಕೆಳಗಿನ ಬಿಜಾಗರಿಯ ಕಚ್ಚು.

ಕಚ್ಚು ಮೊದಲೇ ಅತಿಯಾಗಿ ಆಳವಾಗಿದ್ದರೆ ಬಾಗಿಲು ಬಿಜಾಗರಿಯ ಬದಿಯಲ್ಲಿಯೇ ಚೌಕಟ್ಟಿಗೆ ಒತ್ತಿಕೊಂಡು ಚಿಮ್ಮುತ್ತದೆ. ಆಗ ಎಲ್ಲ ಬಿಜಾಗರಿಗಳ ಹಿಂದೆಯೂ ಸಮನಾಗಿ ರಟ್ಟು ಹಾಕಬೇಕಾಗುತ್ತದೆ. ಕೆಲವು ಬಡಿಗರು ಬಿಜಾಗರಿಯ ಕೊಳವೆಗಳನ್ನು ಪಾನಾದಿಂದ ಹಿಡಿದು ಒಂದು ನೂಲು ಬಾಗಿಸಿ ಕದವನ್ನು ಸರಿಸುತ್ತಾರೆ. ಉಕ್ಕಿನ ಬಿಜಾಗರಿಗೆ ಇದು ಸಲ್ಲುತ್ತದೆ. ಬೀಡು ಕಬ್ಬಿಣದ್ದಾಗಲಿ ಎರಕದ ಹಿತ್ತಾಳೆಯದಾಗಲಿ ಬಾಗುವುದಿಲ್ಲ, ಚಟ್ಟನೆ ಮುರಿಯುತ್ತದೆ.

ಮಳೆಗೆ ಉಬ್ಬುವ ಕದದ ಬಗ್ಗೆ ಎರಡು ಮಾತು ಹೇಳಬೇಕು. ಕಟ್ಟಿಗೆ ತೇವ ಹೀರಿದಾಗ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ, ನಾರಿನ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲ. ಆದುದರಿಂದ ಉದ್ದನೆಯ ಹಲಗೆಗಳನ್ನು ಜೋಡಿಸಿದ ಬಾಗಿಲು ಅಗಲದಲ್ಲಿ ಪೂರ್ತಿಯಾಗಿ ಉಬ್ಬುತ್ತದೆ. ಚೌಕಟ್ಟು ಹಾಕಿ ನಡುವೆ ಹಲಗೆಯನ್ನು ಗಾಡಿಯಲ್ಲಿ, ಎಂದರೆ ಪಟ್ಟಿಯ ಉದ್ದಕ್ಕೆ ಕೊರೆದ ಸೀಳಿನಲ್ಲಿ, ಸಡಿಲಾಗಿ ಕೂಡಿಸಿದ ಬಾಗಿಲಿನಲ್ಲಿ ಎರಡು ಬದಿಯ ನಿಲುಪಟ್ಟಿಗಳಷ್ಟೇ ಉಬ್ಬುತ್ತವೆ, ನಡುವಿನ ಹಲಗೆಯ ಹಿಗ್ಗನ್ನು ಗಾಡಿಯೇ ನುಂಗಿಕೊಳ್ಳುತ್ತದೆ. ಪ್ಲೈವುಡ್ಡಿನ ಫ್ಲಶ್ ಬಾಗಿಲಿನ ಪದರಗಳು ಒಂದಕ್ಕೊಂದು ಅಡ್ಡಲಾಗಿರುವುದರಿಂದ ಅದು ಇನ್ನೂ ಕಡಿಮೆ ಹಿಗ್ಗುತ್ತದೆ, ಆದರೆ ಬಣ್ಣ ಕಾಣದ ಕೆಳಅಂಚಿನಿಂದ ನೀರು ಕುಡಿದು ಕೊಳೆಯುತ್ತದೆ. ನಮ್ಮಲ್ಲಿ ಬಾಗಿಲಿನ ಮುಖಕ್ಕೆ ಮೂರು ಸಲ ಪಾಲಿಶ್ ಕೊಡುವವರು ತಲೆಯ ಅಂಚಿಗೂ ಕಾಲಿನ ಅಂಚಿಗೂ ಒಂದು ಸಲವೂ ಕುಂಚ ತಾಗಿಸುವುದಿಲ್ಲ. ತೇವ ಒಳಹೋಗುವುದು ಅಲ್ಲಿಂದಲೇ. ಉಬ್ಬಿದ ಕದಕ್ಕೆ ರಂದಾ ಹೊಡೆಯಲೇಬೇಕೆಂದಿದ್ದರೆ ದೀಪಾವಳಿ ಕಳೆದು ಒಣಹವೆ ನೆಲೆಗೊಳ್ಳುವವರೆಗೆ ಕಾಯುವುದು ಲೇಸು. ಅಷ್ಟರಲ್ಲಿ ಅದು ತಾನಾಗಿಯೇ ಬಿಡಿಸಿಕೊಂಡಿರುವ ಸಂಭವವೇ ಹೆಚ್ಚು.

ಅಡುಗೆಮನೆಯ ಕಪಾಟುಗಳ ಒಳಬಿಜಾಗರಿಯದು ಸರಳ ವಿಷಯ. 35 ಮಿ.ಮೀ. ದುಂಡು ಕುಳಿಯಲ್ಲಿ ಕೂಡುವ ಈ ಬಿಜಾಗರಿಗಳಲ್ಲಿ ಬಾಗಿಲನ್ನು ಎಡಬಲಕ್ಕೆ ಸರಿಸಲು ಒಂದು, ಒಳಹೊರಗೆ ಸರಿಸಲು ಒಂದು ಸ್ಕ್ರೂ ಇರುತ್ತದೆ. ಮೇಲೆ ಕೆಳಗೆ ಮಾಡಬೇಕಾದರೆ ಕಪಾಟಿನ ಬದಿಗೆ ಹಚ್ಚಿದ ಪಟ್ಟಿಯ ಸ್ಕ್ರೂಗಳನ್ನು ಸಡಿಲಿಸಬೇಕು. ಯಾವುದಕ್ಕೆ ಯಾವುದೆಂದು ತಿರುಗಿಸಿ ನೋಡಿದರೆ ತಿಳಿಯುತ್ತದೆ.

ಕಡೆಯದಾಗಿ, ಬಿಜಾಗರಿಯದೂ ಕದದ್ದೂ ತಪ್ಪಿಲ್ಲದಿರುವ ಸಂದರ್ಭ. ಡೋಣಿ ಹೊಳೆಯ ಸೀಮೆಯಲ್ಲಿ ಬಿಳಿಜೋಳಕ್ಕೆ ಹೇಳಿ ಮಾಡಿಸಿದ ಎರೆಮಣ್ಣು ಮನೆಯ ಬುನಾದಿಗೆ ಒಳ್ಳೆಯ ನೆಂಟನಲ್ಲ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವ, ಬೇಸಗೆಯಲ್ಲಿ ಕೈ ಹೋಗುವಷ್ಟು ಬಾಯಿಬಿಡುವ ಈ ಮಣ್ಣಿನ ಮೇಲೆ, ಅದನ್ನು ಸಾಕಷ್ಟು ಆಳಕ್ಕೆ ತೆಗೆದು ಗರಸು ತುಂಬದೆ ಕಟ್ಟಿದ ಮನೆ ಪ್ರತಿವರ್ಷ ತುಸು ಏರುತ್ತದೆ, ತುಸು ಇಳಿಯುತ್ತದೆ. ಎಲ್ಲ ಮೂಲೆಗಳೂ ಒಂದೇ ಸಮನಾಗಿ ಏರಿಳಿಯುವುದಿಲ್ಲ. ಆಗ ವಾರೆಯಾಗುವುದು ಚೌಕಟ್ಟೇ. ಇದನ್ನು ಪರೀಕ್ಷಿಸಲು ಚೌಕಟ್ಟಿನ ಒಳಮೂಲೆಯಿಂದ ಎದುರು ಮೂಲೆಗೆ ಎರಡೂ ಕರ್ಣಗಳನ್ನು ಟೇಪಿನಿಂದ ಅಳೆಯಬೇಕು. ಎರಡೂ ಸಮನಿದ್ದರೆ ಚೌಕಟ್ಟು ಗುಣ್ಯಾದಲ್ಲಿದೆ, ಎಂದರೆ ಮೂಲೆಗಳು ಲಂಬಕೋನದಲ್ಲಿವೆ. ಅವುಗಳ ನಡುವೆ ಅರ್ಧ ಇಂಚಿನಷ್ಟು ವ್ಯತ್ಯಾಸವಿದ್ದು, ತಲೆಪಟ್ಟಿಯ ಮೂಲೆಯಿಂದ ಗೋಡೆಯಲ್ಲಿ ಓರೆಯಾದ ಬಿರುಕು ಹೊರಟಿದ್ದರೆ, ರಟ್ಟು ಇಟ್ಟು ಬಾಗಿಲನ್ನು ಮುಚ್ಚುವಂತೆ ಮಾಡಬಹುದು, ಆದರೆ ಅಲ್ಲಿಗೆ ನಿಲ್ಲಿಸಬಾರದು. ಬಿರುಕಿನ ಎರಡೂ ತುದಿಗಳಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆದಿಡಬೇಕು. ಒಂದು ಮಳೆಗಾಲ, ಒಂದು ಬೇಸಗೆ ಕಳೆದ ಮೇಲೂ ಬಿರುಕು ಆ ಗೆರೆಗಳನ್ನು ದಾಟದಿದ್ದರೆ ಬಿಜಾಗರಿಯ ಮೇಲೆ ಭರವಸೆಯಿಡಬಹುದು. ದಾಟಿದ್ದರೆ ಕರೆಸಬೇಕಾದವರು ಬಡಿಗರಲ್ಲ, ಬುನಾದಿ ಬಲ್ಲ ಎಂಜಿನಿಯರರು.