ನಮ್ಮಜ್ಜಿಯ ಆತ್ಮ ಎಲ್ಲೂ ಅಲೆಯುತ್ತಿಲ್ಲ

"ನೀವು ಜೈನರು ಪಿಂಡ ಇಡಲ್ವಂತೆ. ಹಾಗಾದ್ರೆ ಸತ್ತವರ ಆತ್ಮ ಪಾಪ, ಅಲೀತಾನೇ ಇರುತ್ತಾ?"

ಇದಕ್ಕೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಅದರಲ್ಲೂ ಆ 'ಪಾಪ' ಕೇಳಿದರೆ ಮೈ ಉರಿಯುತ್ತದೆ.

ಇಲ್ಲ, ಅಲೆಯುವುದಿಲ್ಲ. ಅಲೆಯೋಕೆ ಪುರುಸೊತ್ತೇ ಇಲ್ಲ. ಒಂದು ದೇಹ ಬಿಟ್ಟ ಜೀವ ಮುಂದಿನ ಹುಟ್ಟಿನ ಜಾಗ ಸೇರಲು ಹೆಚ್ಚೆಂದರೆ ನಾಲ್ಕು 'ಸಮಯ' ಸಾಕು. ಈ ಸಮಯ ಗಡಿಯಾರದ್ದಲ್ಲ. ಕಾಲದ ತೀರಾ ಚಿಕ್ಕ ತುಣುಕು. ಒಂದು ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಇಂಥವು ಲೆಕ್ಕವಿಲ್ಲದಷ್ಟು ಕಳೆದಿರುತ್ತವೆ. ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸುವ ದೇವರೂ ನಮ್ಮಲ್ಲಿಲ್ಲ. ಮುಂದಿನ ಆಯುಷ್ಯದ ಕರ್ಮ ಬದುಕಿದ್ದಾಗಲೇ ಅಂಟಿಕೊಂಡಿರುತ್ತದೆ. ಕರ್ಮ ಅಂದರೆ ನಮಗೆ ಲೆಕ್ಕದ ಪುಸ್ತಕವಲ್ಲ, ಧೂಳಿನ ಹಾಗೆ ನಿಜವಾಗಿಯೂ ಮೆತ್ತಿಕೊಳ್ಳುವ ವಸ್ತು.

ಅಜ್ಜಿ ತೀರಿಕೊಂಡ ದಿನ ಪಕ್ಕದ ಮನೆಯವರು ಬಂದು, "ಕಿಟಕಿ ತೆಗೆದಿಡಿ, ಆತ್ಮ ಹೊರಗೆ ಹೋಗಲಿ" ಅಂದರು. ನಾನು ಸುಮ್ನೆ ಇರಬಹುದಿತ್ತು. "ಆಂಟೀ, ನೀವು ಚಪ್ಪಲಿ ಬಿಡೋದರೊಳಗೆ ಅಜ್ಜಿ ಇನ್ನೆಲ್ಲೋ ಸೇರಿಯೂ ಆಯ್ತು" ಅಂದೆ. ಅಮ್ಮ ನನ್ನನ್ನು ದುರುಗುಟ್ಟಿ ನೋಡಿ, ತಾನೇ ಹೋಗಿ ಕಿಟಕಿ ತೆಗೆದಳು. ಸೆಖೆ ಜಾಸ್ತಿ ಇತ್ತು ಅಂತ ಆಮೇಲೆ ಹೇಳಿದಳು.

"ಬಿಡಿ, ಮೋಕ್ಷ ಸಿಕ್ಕಿತು" ಅಂದವರೂ ಇದ್ದರು. ಅದೂ ಇಲ್ಲ ಸ್ವಾಮಿ. ಈಗ ನಡೆಯುತ್ತಿರುವುದು 21,000 ವರ್ಷಗಳ ಪಂಚಮ ಕಾಲ, ಅಂದರೆ ನಮ್ಮ ಲೆಕ್ಕದ ಐದನೇ ಯುಗ. ಇದರಲ್ಲಿ ಹುಟ್ಟಿದವರಿಗೆ ಇಲ್ಲಿಂದ ನೇರವಾಗಿ ಮೋಕ್ಷವಿಲ್ಲ. ಕೊನೆಯದಾಗಿ ಮೋಕ್ಷಕ್ಕೆ ಹೋದವರು ಮಹಾವೀರರ ಪರಂಪರೆಯ ಮುನಿ ಜಂಬೂಸ್ವಾಮಿ, ಅವರ ಹಿಂದೆಯೇ ಆ ಬಾಗಿಲು ಮುಚ್ಚಿತು ಅನ್ನುತ್ತಾರೆ.

ಯಾರಾದರೂ ಕೇಳಬೇಕಾದದ್ದು ಇಲ್ಲಿ ಅಲ್ವಾ? ಸಿಗಲ್ಲ ಅಂತ ಗೊತ್ತಿದ್ದೂ ನಿಮ್ಮಜ್ಜಿ ಅಷ್ಟಮಿ, ಚತುರ್ದಶಿ ಅಂತ ಉಪವಾಸ ಯಾಕೆ ಮಾಡ್ತಿದ್ದರು? ಒಬ್ಬರೂ ಕೇಳಿಲ್ಲ. ನಾನು ಕೇಳಿದ್ದೆ. ಅಜ್ಜಿ ಸೋರೆಬುರುಡೆಯ ಹಳೇ ಕತೆ ತೆಗೆದಳು. ಎಂಟು ಸಲ ಮಣ್ಣು ಮೆತ್ತಿದ ಬುರುಡೆ ನೀರಿನ ತಳ ಸೇರುತ್ತದೆ. ಆ ಎಂಟು ಮೆತ್ತು ಅಂದರೆ ಜೀವಕ್ಕೆ ಅಂಟುವ ಎಂಟು ಬಗೆಯ ಕರ್ಮ. ಮಣ್ಣೆಲ್ಲ ನೆನೆದು ಬಿಟ್ಟರೆ ಬುರುಡೆ ತಾನಾಗಿಯೇ ಮೇಲೇಳುತ್ತದೆ, ಯಾರೂ ಎತ್ತಬೇಕಿಲ್ಲ. ಜೀವವೂ ಹಾಗೇ ಎದ್ದು ಲೋಕದ ತುದಿ ಮುಟ್ಟುತ್ತದೆ. ಅಲ್ಲಿಂದ ವಾಪಸ್ ಬರೋದಿಲ್ಲ.

"ಆದ್ರೆ ಈ ಜನ್ಮದಲ್ಲಿ ಮೇಲೇಳಲ್ವಲ್ಲ ಅಜ್ಜಿ?"

"ನೆನೆಯೋಕಾದರೂ ಬಿಡಬೇಕಲ್ಲೋ! ಏಳು, ಹೊತ್ತು ಮುಳುಗೋದರೊಳಗೆ ಊಟ ಮುಗಿಸು."